ಕುಳಿತೇ ಇಳಿಯುವ ಮನೆ

ಅಮರೇಶಪ್ಪನವರು ಮನೆ ನೋಡಲು ಹೊರಟರೆ ಜೊತೆಗೆ ಒಂದು ಕುರ್ಚಿಯೂ ಹೊರಡುತ್ತಿತ್ತು.

ಮಡಚುವ ಕಬ್ಬಿಣದ ಕುರ್ಚಿ. ಕೂರುವ ಜಾಗದ ಮೇಲೆ ಅಡ್ಡಲಾಗಿ ಒಂದು ಮರದ ಪಟ್ಟಿ ಕಟ್ಟಿದ್ದರು. ಪಟ್ಟಿಯ ಉದ್ದ ಮೂವತ್ತನಾಲ್ಕು ಇಂಚು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಅವರು ಅಡುಗೆಮನೆ ನೋಡುತ್ತಿರಲಿಲ್ಲ, ನಲ್ಲಿ ತಿರುಗಿಸುತ್ತಿರಲಿಲ್ಲ, ಗಾಳಿ ಬೆಳಕಿನ ಮಾತೆತ್ತುತ್ತಿರಲಿಲ್ಲ. ನೇರ ಲಿಫ್ಟಿನ ಬಳಿ ಹೋಗಿ, ಕುರ್ಚಿ ಬಿಡಿಸಿ, ಮುಂದೆ ಮುಖ ಮಾಡಿ ಬಾಗಿಲೊಳಗೆ ತಳ್ಳುತ್ತಿದ್ದರು. ಪಟ್ಟಿ ಎರಡೂ ಕಡೆ ತಗುಲಿ ನಿಂತರೆ, “ಹರಹರ, ಈ ಮನಿ ಬ್ಯಾಡ” ಎಂದು ಕುರ್ಚಿ ಮಡಚುತ್ತಿದ್ದರು.

ದಲ್ಲಾಳಿ ಮೌನಪ್ಪ ಸುರಪುರದ ಕಡೆಯವನು. ಇಪ್ಪತ್ತು ವರ್ಷದಿಂದ ಹೈದರಾಬಾದಿನಲ್ಲಿ ಫ್ಲ್ಯಾಟು ತೋರಿಸಿಕೊಂಡು ಬದುಕಿದ್ದ. ತೆಲುಗರಿಗೆ ತೆಲುಗು, ಹಿಂದಿಯವರಿಗೆ ಹಿಂದಿ, ಕನ್ನಡದವರು ಸಿಕ್ಕರೆ ಮೂರೂ ಕಲಸಿ ಮಾತಾಡುತ್ತಿದ್ದ. ಮೊದಲ ದಿನ ಆತ ಮುದುಕರಿಗೆ ಮೊಣಕಾಲು ನೋವು, ಕೂರಲು ಕುರ್ಚಿ ತಂದಿದ್ದಾರೆ ಎಂದುಕೊಂಡ. ಐದನೆಯ ಮನೆಯ ಹೊತ್ತಿಗೆ ನೋವು ಮೊಣಕಾಲಿನದಲ್ಲ, ಇನ್ನೂ ಮೇಲಿನದು ಎಂಬ ಅನುಮಾನ ಬಂತು.

“ಯಜಮಾನ್ರ, ಸೋಫಾ ತರೋದೈತೇನ್ರಿ?”

“ಇಲ್ಲ.”

“ದೊಡ್ಡ ಫ್ರಿಜ್ಜು?”

“ಇಲ್ಲ.”

“ಮತ್ತ ಒಳಗ ಏನು ಹೋಗಬೇಕ್ರಿ, ಅದನ್ನರ ಹೇಳ್ರಿ.”

“ಒಳಗ ಹೋಗೋದಲ್ಲೋ ತಮ್ಮಾ. ಹೊರಗ ಬರೋದು.”

ಮೌನಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಅಂದೇ ಕೈಮುಗಿದು ಬೇರೆ ಗಿರಾಕಿ ನೋಡಿಕೊಳ್ಳುತ್ತಿದ್ದ.

ಅಮರೇಶಪ್ಪನವರು ಲಿಂಗಸೂಗೂರಿನ ಕಡೆಯಿಂದ ಬಂದವರು. ಮೂವತ್ತಾರು ವರ್ಷ ಸರಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಗೇಜು ತಯಾರಿಸಿದವರು. ಗೇಜು ಅಂದರೆ ಅಳತೆಯ ಅಚ್ಚು. ಮಾಡಿದ ಸಾಮಾನು ಅಚ್ಚಿನೊಳಗೆ ಹೋದರೆ ಪಾಸು, ಹೋಗದಿದ್ದರೆ ಗುಜರಿ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲಿ ಒಂದು ಪಾಲು ತಪ್ಪಿದರೂ ಅವರು ಎದುರಿನವನ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಸ್ನಾನ, ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಒಂದು ತಾಸು ಪೂಜೆ, ಆಮೇಲೆ ಕಾರ್ಖಾನೆ. ಶಿವನ ಮೇಲೆ ಅವರಿಗೆ ಪೂರ್ಣ ನಂಬಿಕೆ ಇತ್ತು. ಆತನ ಅಳತೆಯ ಮೇಲೆ ಮಾತ್ರ ಈಚೆಗೆ ಸ್ವಲ್ಪ ಸಂಶಯ.

ಸಂಶಯಕ್ಕೆ ಕಾರಣವಿತ್ತು. ಲಿಂಗವಂತರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವ ರೂಢಿಯಿಲ್ಲ. ಪೂಜೆಗೆ ಕುಳಿತಂತೆ ಕಾಲು ಮಡಚಿಸಿ, ಹಣೆಗೆ ವಿಭೂತಿ ಹಚ್ಚಿ ಕೂರಿಸುತ್ತಾರೆ. ಬಿದಿರು, ಬಾಳೆಕಂಬ, ಹೂವುಗಳಿಂದ ಒಂದು ಪೀಠ ಕಟ್ಟುತ್ತಾರೆ. ಅದಕ್ಕೆ ವಿಮಾನ ಎನ್ನುತ್ತಾರೆ. ಆ ವಿಮಾನದಲ್ಲಿ ನೆಟ್ಟಗೆ ಕುಳಿತು, ಎದುರಿಗೆ ನೋಡುತ್ತ, ದೊರೆಗಳ ಹಾಗೆ ಹೋಗಬೇಕು. ಊರಿನಲ್ಲಿ ಎಲ್ಲರ ಮನೆಯೂ ನೆಲದ ಮೇಲೆ, ಬಾಗಿಲಾಚೆ ಅಂಗಳ. ಶಿವನು ಈ ಕ್ರಮ ಹಾಕಿಕೊಟ್ಟಾಗ ಮೂರನೆಯ ಮಹಡಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಮರೇಶಪ್ಪನವರ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿತ್ತು. ಹೋದ ಕಾರ್ತಿಕದಲ್ಲಿ ಅವರ ಹೆಂಡತಿ ಗುರುದೇವಿ ಲಿಂಗೈಕ್ಯರಾದರು. ನಲವತ್ತೇಳು ವರ್ಷದ ಸಂಸಾರದಲ್ಲಿ ಆಕೆ ಗೋಡೆಗೆ ಬೆನ್ನು ಆನಿಸಿದ್ದನ್ನು ಅವರು ಕಂಡಿರಲಿಲ್ಲ. ಪುರಾಣ ಕೇಳುವಾಗ ಇಡೀ ಸಭೆ ತೂಕಡಿಸಿದರೂ ಆಕೆ ನೆಟ್ಟಗೆ ಕುಳಿತಿರುತ್ತಿದ್ದರು. ಆ ದಿನವೂ ಹಾಗೆಯೇ ಕುಳಿತಿದ್ದರು. ಹಸಿರು ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಮುಖದಲ್ಲಿ ಗಂಡನ ತಪ್ಪು ಹಿಡಿದಾಗಿನ ಅದೇ ಗಾಂಭೀರ್ಯ.

ವಿಮಾನ ಲಿಫ್ಟಿನೊಳಗೆ ಹೋಗಲಿಲ್ಲ. ಲಿಫ್ಟಿನಲ್ಲಿ ‘ನಾಲ್ಕು ಜನರಿಗೆ’ ಎಂದು ಬರೆದಿತ್ತು. ಆ ನಾಲ್ವರೂ ಬದುಕಿರಬೇಕು, ನಿಂತಿರಬೇಕು ಎಂದು ಬರೆದಿರಲಿಲ್ಲ. ಮೆಟ್ಟಿಲಿನಿಂದ ಇಳಿಸಲು ಹೊರಟರೆ ಎರಡನೆಯ ಮಹಡಿಯ ತಿರುವಿನಲ್ಲಿ ವಿಮಾನ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಕೆಳಗಿನಿಂದ ಬಿರಿಯಾನಿ ತಲುಪಿಸಲು ಬಂದವನೊಬ್ಬ, “ಭಾಯ್, ಥೋಡಾ ಸೈಡ್” ಎಂದ. ಮೇಲೆ ನೋಡಿದ ಮೇಲೆ ಅವನೇ ಸೈಡಾದ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಓರೆ ಮಾಡಬಾರದು ಎಂದರು. ಎರಡನೆಯ ಮಹಡಿಯವರು, ನಮ್ಮ ಅಲ್ಮೇರಾ ಹೀಗೆ ಸಿಕ್ಕಾಗ ಹಿಂದಕ್ಕೆ ವಾಲಿಸಿ ಇಳಿಸಿದ್ದೆವು ಎಂದು ಅನುಭವ ಹೇಳಿದರು. ಅರ್ಧ ಗಂಟೆಯ ಮೇಲೆ ಅಲ್ಮೇರಾದವರ ಮಾತೇ ನಡೆಯಿತು. ವಾಲಿಸಿದರು. ‘ಟಕ್’ ಎಂದು ಶಬ್ದವಾಯಿತು.

ಅಮರೇಶಪ್ಪನವರು ಮುಂದಿನ ಬಿದಿರು ಹಿಡಿದಿದ್ದರು. ತಿರುಗಿ ನೋಡಲಾಗಲಿಲ್ಲ, ಕೇಳಿಸಿತು ಅಷ್ಟೆ. ಗುರುದೇವಿಯ ತಲೆ ಗೋಡೆಗೆ ಬಡಿದ ಸದ್ದು.

ಅಂದಿನಿಂದ ಚಿಲಕ ಬಿದ್ದರೆ ಟಕ್. ಕುಕ್ಕರಿನ ಮುಚ್ಚಳ ಕೂತರೆ ಟಕ್. ಪೂಜೆಯಲ್ಲಿ ಕಣ್ಣು ಮುಚ್ಚಿದರೆ ಶಿವನಿಗಿಂತ ಮೊದಲು ಅದೇ ಬರುತ್ತಿತ್ತು. ಜಗತ್ತಿನ ಅಳತೆ ತಿದ್ದಿದ ಮನುಷ್ಯ ತನ್ನ ಮನೆಯ ಮೆಟ್ಟಿಲನ್ನು ಹದಿನಾಲ್ಕು ವರ್ಷ ಅಳೆದಿರಲಿಲ್ಲ. “ನಾನೂ ಹಂಗ ಓರೆಯಾಗಿ ಬಂದ್ರ ನೀ ನಕ್ಕರ ನಡೀತೈತಿ ಶಿವನ, ಆದರ ಆಕಿ ನಗ್ತಾಳ” ಎಂದು ದೇವರ ಮುಂದೆ ಹೇಳಿಕೊಂಡರು. ಅಂದೇ ಪೂಜೆಯ ಭಂಗಿಯಲ್ಲಿ ಕುಳಿತು, ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಟೇಪು ಹಿಡಿದರು. ಮೂವತ್ತನಾಲ್ಕು ಇಂಚು. ಮರದ ಪಟ್ಟಿ ಕೊಯ್ದು ಕುರ್ಚಿಗೆ ಕಟ್ಟಿದರು.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಮಗಳು ಭಾಗ್ಯಶ್ರೀಗಂತೂ ಇಲ್ಲವೇ ಇಲ್ಲ.

ಯುಗಾದಿಯೊಳಗೆ ಮನೆ ಖಾಲಿ ಮಾಡಬೇಕಿತ್ತು. ಮಾಲಿಕ ಕಟ್ಟಡ ಕೆಡವಿ ಹೊಸದು ಕಟ್ಟುವವನಿದ್ದ. ಭಾಗ್ಯಶ್ರೀ ಕೊಂಡಾಪುರದಲ್ಲಿ ಗಂಡನ ಜೊತೆ ಬಿ ಬ್ಲಾಕಿನ ನಾಲ್ಕನೆಯ ಮಹಡಿಯಲ್ಲಿದ್ದಳು. ಎದುರಿನ ಫ್ಲ್ಯಾಟು ಮಾರಾಟಕ್ಕಿತ್ತು. ಆಕೆಗೆ ಅಪ್ಪ ಅಲ್ಲಿಗೇ ಬರಬೇಕು. ಮುಂದಿನ ವಯಸ್ಸಿಗೆ ಏನೇನು ಬೇಕೋ ಅದನ್ನೆಲ್ಲ ಆಕೆ ನೋಡಿಟ್ಟಿದ್ದಳು. ಬಚ್ಚಲಿನಲ್ಲಿ ಹಿಡಿಕೆ, ಜಾರದ ನೆಲ, ಹತ್ತಿರದಲ್ಲೇ ಆಸ್ಪತ್ರೆ, ಗಾಲಿಕುರ್ಚಿ ಏರುವ ಇಳಿಜಾರು. ಮುಂದಿನ ವಯಸ್ಸಿನ ಮುಂದಿನದನ್ನು ಆಕೆ ನೋಡಿರಲಿಲ್ಲ. ಅಮರೇಶಪ್ಪನವರು ನೋಡಿದ್ದರು. ಬಿ ಬ್ಲಾಕಿನ ಲಿಫ್ಟಿನ ಬಾಗಿಲು ಮೂವತ್ತೆರಡು ಇಂಚು.

“ಆ ಮನಿ ಬ್ಯಾಡವಾ. ವಾಸ್ತು ಸರಿ ಇಲ್ಲ.”

“ನೀ ಯಾವಾಗಿಂದ ವಾಸ್ತು ನಂಬಾಕತ್ತೀಪಾ?”

“ಪಾರಿವಾಳದ ಕಾಟ ಭಾಳ.”

“ಜಾಳಿಗಿ ಹಾಕಸ್ತೀನಿ.”

“ಎದುರು ಮನಿಯವರು ಸರಿ ಇಲ್ಲಂತ ಕೇಳೀನಿ.”

“ಅಪ್ಪಾ, ಎದುರು ಮನಿಯವರು ನಾವ!”

ಆಕೆ ಫೋನು ಇಟ್ಟುಬಿಟ್ಟಳು. ಎಂಟು ದಿನ ಮಾತಾಡಲಿಲ್ಲ. ಅಪ್ಪನಿಗೆ ತನ್ನ ಹತ್ತಿರ ಇರುವುದು ಇಷ್ಟವಿಲ್ಲ ಎಂದುಕೊಂಡಳು. ಅಮರೇಶಪ್ಪನವರು ಆ ಎಂಟು ದಿನವೂ ಕುರ್ಚಿ ಹಿಡಿದು ಊರು ಸುತ್ತಿದರು. ಅಮೀರ್‌ಪೇಟೆಯಲ್ಲಿ ಒಂದು ಲಿಫ್ಟು ಅಳತೆಗೆ ಸರಿಯಾಗಿತ್ತು. ಆದರೆ ಆ ಕಟ್ಟಡದ ಎರಡು ಮಹಡಿ ತುಂಬ ಕೋಚಿಂಗ್ ಹುಡುಗರ ಹಾಸ್ಟೆಲು. ಬೆನ್ನಿಗೆ ಚೀಲ ಹಾಕಿಕೊಂಡ ಮೂವತ್ತು ಜನ ಯಾವ ಹೊತ್ತಿಗೂ ಸಾಲಾಗಿ ನಿಂತಿರುತ್ತಿದ್ದರು. ವಿಮಾನಕ್ಕೂ ಪಾಳಿ ಹಚ್ಚಬೇಕಾಗುತ್ತದೆ ಎಂದು ಅದನ್ನೂ ಬಿಟ್ಟರು.

“ಅಡ್ಡ ತಿರುಗಿಸಿ ಒಯ್ದ್ರ ಎಲ್ಲಾ ಲಿಫ್ಟಿನ್ಯಾಗೂ ಹೋಗ್ತೈತಲ್ರೀ ನಿಮ್ಮ ಕುರ್ಚಿ?” ಎಂದು ಮೌನಪ್ಪ ಒಮ್ಮೆ ಕೇಳಿದ.

“ಅಡ್ಡ ಕುಂತು ಹೋಗಾಕ ಅದೇನು ಸಿಟಿ ಬಸ್ಸೇನೋ?”

ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಮೌನಪ್ಪ ಗೆದ್ದವನಂತೆ ಬಂದ. ಭಾಗ್ಯಶ್ರೀ ಇದ್ದ ಆವರಣದಲ್ಲಿಯೇ ಸಿ ಬ್ಲಾಕು ಏಳುತ್ತಿತ್ತು. ಕೆಲಸ ಮುಗಿಯುತ್ತ ಬಂದಿತ್ತು. ಅಲ್ಲಿ ಸಾಮಾನು ಸಾಗಿಸಲೆಂದೇ ಒಂದು ದೊಡ್ಡ ಲಿಫ್ಟು. “ಎಮ್ಮೀನೂ ಒಯ್ಬಹುದ್ರಿ” ಎಂದ. ಬಿ ಬ್ಲಾಕಿನಿಂದ ದೂರ. ನಡುವೆ ಎರಡು ಗೇಟು, ಒಂದು ಉದ್ಯಾನ, ಒಂದು ಈಜುಕೊಳ. ಮಗಳ ಮನೆಗೆ ಹೋಗಬೇಕೆಂದರೆ ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಇರಲಿ ಎಂದರು.

ಒಂಬತ್ತನೆಯ ಮಹಡಿಯಲ್ಲಿ ಕುರ್ಚಿ ಬಿಡಿಸಿ ತಳ್ಳಿದರು. ಪಟ್ಟಿ ಎಲ್ಲಿಯೂ ತಗುಲಲಿಲ್ಲ. ಆ ಕಡೆ ಐದು ಇಂಚು, ಈ ಕಡೆ ಐದು ಇಂಚು ಖಾಲಿ. ಅಮರೇಶಪ್ಪನವರ ಕಣ್ಣು ತುಂಬಿ ಬಂತು. ಆದರೂ ಕಾರ್ಖಾನೆಯ ಬುದ್ಧಿ ಹೋಗುತ್ತದೆಯೇ? ಖಾಲಿ ಕುರ್ಚಿ ಹೋದರೆ ಆಗಲಿಲ್ಲ, ಸಾಮಾನು ಇಟ್ಟು ನೋಡಬೇಕು. ಕುರ್ಚಿಯನ್ನು ಮತ್ತೆ ಹೊರಕ್ಕೆಳೆದು ಚಪ್ಪಲಿ ಬಿಟ್ಟರು. ಕುರ್ಚಿಯ ಪಟ್ಟಿಯ ಮೇಲೆ ಕಾಲು ಮಡಚಿ ಕುಳಿತರು. ಬೆನ್ನು ನೆಟ್ಟಗೆ ಮಾಡಿ ಎದುರಿಗೆ ನೋಡಿದರು.

ಪಕ್ಕದಲ್ಲಿ ಮರಳು ಗುಡಿಸುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಹುಸೇನಮ್ಮ ಎಂದು ಹೆಸರು. ದೇವದುರ್ಗದ ಕಡೆಯಿಂದ ತನ್ನ ಜನರ ಜೊತೆ ಕೆಲಸಕ್ಕೆ ಬಂದವಳು. ಮುದುಕರನ್ನು ಮೇಲಿನಿಂದ ಕೆಳಗೆ ನೋಡಿದಳು.

“ಮುತ್ಯಾ, ಇದು ವಿಮಾನದ ಅಳತಿ ಹೌದಲ್ಲೋ?”

ಮೌನಪ್ಪನ ಬಾಯಿ ತೆರೆದಂತೆಯೇ ಉಳಿಯಿತು. ನಾಲ್ಕು ವಾರದ ಸೋಫಾ, ಫ್ರಿಜ್ಜು, ಅಲ್ಮೇರಾಗಳೆಲ್ಲ ಅವನ ಕಣ್ಣ ಮುಂದೆ ಹಾದುಹೋದವು.

“ಹೌದವಾ. ನಿನಗ ಹೆಂಗ ಗೊತ್ತಾತು?”

“ನಮ್ಮೂರ ಗೌಡ್ರನ್ನ ಹಿಂಗ ಕುಂಡ್ರಿಸಿ ಒಯ್ದಿದ್ರು. ಆದರ ಅವರು ಸತ್ತಿದ್ರು.” ಆಕೆ ಸೆರಗಿಗೆ ಕೈ ಒರೆಸಿಕೊಂಡಳು. “ಬೂದೆಪ್ಪಾ! ಏ ಬೂದೆಪ್ಪಾ! ಮೂರು ಮಂದೀನ ಕರಕೊಂಡು ಬಾ. ಮುತ್ಯಾನ್ನ ಇಳಸೋದೈತಿ.”

ಬೂದೆಪ್ಪ ಮತ್ತು ಅವನ ಜೊತೆಯ ಮೂವರು ಬಂದರು. ವಿಷಯ ಕೇಳಿ ಯಾರೂ ಆಶ್ಚರ್ಯಪಡಲಿಲ್ಲ. ದಿನವಿಡೀ ಟೈಲ್ಸು ಹೊರುವವರಿಗೆ ಒಬ್ಬ ಮನುಷ್ಯನನ್ನು ಹೊರುವುದು ಬದಲಾವಣೆಯೇ ಆಯಿತು. ಬೂದೆಪ್ಪ ಎರಡು ಬಿದಿರು ತಂದು ಕುರ್ಚಿಗೆ ಕಟ್ಟಿದ. ಬೆಳಿಗ್ಗೆ ಲಿಫ್ಟಿನ ಪೂಜೆಗೆ ಕಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ಹುಸೇನಮ್ಮ ಬಿಚ್ಚಿ ಅಮರೇಶಪ್ಪನವರ ಕೊರಳಿಗೆ ಹಾಕಿದಳು. ಹಣೆಯ ಮೇಲೆ ವಿಭೂತಿ ಮೊದಲೇ ಇತ್ತು.

“ಎಡಕ್ಕ ಸ್ವಲ್ಪ ಎತ್ರಪ್ಪಾ. ಬಾಗಿಲು ಬಂತು, ಹುಷಾರು” ಎಂದು ಅಮರೇಶಪ್ಪನವರು ಹೇಳತೊಡಗಿದರು.

“ಮುತ್ಯಾ, ಸುಮ್ನ ಕುಂಡ್ರು. ಹೆಣ ದಾರಿ ತೋರ್ಸೋದು ನಾ ಎಲ್ಲೂ ನೋಡಿಲ್ಲ” ಎಂದಳು ಹುಸೇನಮ್ಮ.

ಮೌನಪ್ಪ ಲಿಫ್ಟು ಹತ್ತಲಿಲ್ಲ. ಬದುಕಿದ ಹೆಣದ ಜೊತೆ ಇಳಿಯುವುದಕ್ಕಿಂತ ಒಂಬತ್ತು ಮಹಡಿ ನಡೆಯುವುದು ವಾಸಿ ಎಂದು ಮೆಟ್ಟಿಲಿನತ್ತ ಓಡಿದ.

ಐದನೆಯ ಮಹಡಿ ದಾಟಿದ ಮೇಲೆ ಕರೆಂಟು ಹೋಯಿತು. ಲಿಫ್ಟು ನಿಂತಿತು. ಮೇಲೊಂದು ಸಣ್ಣ ದೀಪ ಮಾತ್ರ ಮಿಣುಕುತ್ತಿತ್ತು. ಕುರ್ಚಿಯನ್ನು ಕೆಳಗಿಟ್ಟು ಎಲ್ಲರೂ ಬೆವರು ಒರೆಸಿಕೊಂಡರು.

“ಖರೇ ದಿವ್ಸ ಹಿಂಗ ನಿಂತ್ರ ಏನ್ ಮಾಡ್ತಿ ಮುತ್ಯಾ?” ಎಂದ ಬೂದೆಪ್ಪ.

“ಅವತ್ತು ನನಗ ಅವಸರ ಇರಂಗಿಲ್ಲಪ್ಪಾ. ನಿಮಗ ಇರ್ತೈತಿ.”

ಎಲ್ಲರೂ ನಕ್ಕರು. ಹೊತ್ತು ಹೋಗಬೇಕಲ್ಲ, ಬೂದೆಪ್ಪ ಮೆಲ್ಲಗೆ ಭಜನೆ ಎತ್ತಿದ. ಉಳಿದವರು ಗೋಡೆಯ ತಗಡು ಬಡಿದು ತಾಳ ಹಿಡಿದರು. ಅಮರೇಶಪ್ಪನವರು ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಐದು ತಿಂಗಳಲ್ಲಿ ಮೊದಲ ಬಾರಿಗೆ ಶಿವ ಸರಿಯಾದ ಹೊತ್ತಿಗೆ ಬಂದ. ಕರೆಂಟು ಬಂದದ್ದು, ಲಿಫ್ಟು ಇಳಿದದ್ದು, ನಾಲ್ವರೂ ಬಿದಿರಿಗೆ ಹೆಗಲು ಕೊಟ್ಟು ಎತ್ತಿದ್ದು ಅವರಿಗೆ ತಿಳಿಯಲಿಲ್ಲ.

ಕೆಳಗೆ, ಮನೆ ನೋಡಲು ಬಂದ ಒಂದು ತೆಲುಗು ಕುಟುಂಬ ನಿಂತಿತ್ತು. ಅಪ್ಪ ಸಿ ಬ್ಲಾಕಿಗೆ ಬಂದಿದ್ದಾನೆ ಎಂದು ಕಾವಲುಗಾರನಿಂದ ತಿಳಿದು ಜಗಳವಾಡಲೆಂದೇ ಬಂದ ಭಾಗ್ಯಶ್ರೀಯೂ ನಿಂತಿದ್ದಳು. ಬಾಗಿಲು ತೆರೆಯಿತು. ಭಜನೆ ಹೊರಗೆ ಬಂತು. ಅದರ ಹಿಂದೆ ಹೂಮಾಲೆ, ವಿಭೂತಿ, ಮುಚ್ಚಿದ ಕಣ್ಣು, ನಾಲ್ಕು ಹೆಗಲು.

ತೆಲುಗಿನ ಹೆಂಗಸು “ಅಯ್ಯೋ ಪಾಪಂ” ಎಂದು ಚಪ್ಪಲಿ ಬಿಟ್ಟು ಕೈಮುಗಿದಳು. ಅಷ್ಟರಲ್ಲಿ ಅಮರೇಶಪ್ಪನವರು ಒಂದು ಕಣ್ಣು ತೆರೆದು, “ಬಂತೇನ್ರಿ ನೆಲ?” ಎಂದು ಕೇಳಿದರು. ಆ ಕುಟುಂಬ ಅತ್ತ ಕಡೆಯ ಗೇಟು ದಾಟುವವರೆಗೂ ನಿಲ್ಲಲಿಲ್ಲ. ಚಪ್ಪಲಿ ಅಲ್ಲಿಯೇ ಉಳಿದವು.

ಭಾಗ್ಯಶ್ರೀ ಓಡಲಿಲ್ಲ. ಅಲ್ಲಿದ್ದ ಸಿಮೆಂಟಿನ ಚೀಲದ ಮೇಲೆ ಕುಸಿದು ಕುಳಿತಳು. ಒಂದು ಗಳಿಗೆ ಆಕೆ ಅಪ್ಪನನ್ನು ಕಳೆದುಕೊಂಡಿದ್ದಳು. ಸಿಕ್ಕಿದ ಮೇಲೆ ಸಿಟ್ಟು ಬಂತು.

“ನಾಚಿಕಿ ಅನ್ನೋದು ಐತೇನಪ್ಪಾ ನಿನಗ? ಮನಿ ನೋಡಾಕ ಬಂದವ ಹೆಣದ ಆಟ ಆಡ್ತಿ! ನನ್ನ ಎದುರಿಗೆ ಇರಬಾರದು ಅಂತ ಇಷ್ಟೆಲ್ಲಾ ನಾಟಕ ಮಾಡ್ತಿಯೇನು?”

“ಇಲ್ಲವಾ. ನಿಮ್ಮ ಲಿಫ್ಟು ಎರಡಿಂಚು ಸಣ್ಣದು” ಎಂದರು ಅಮರೇಶಪ್ಪನವರು. ಮಾಲೆ ಇನ್ನೂ ಕೊರಳಲ್ಲಿತ್ತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಎಲ್ಲವನ್ನೂ ಹೇಳಿದರು. ಕುರ್ಚಿ, ಪಟ್ಟಿ, ಎರಡನೆಯ ಮಹಡಿಯ ತಿರುವು. “ನಿಮ್ಮವ್ವನ ತಲಿ ಗ್ವಾಡಿಗೆ ಬಡೀತು ಭಾಗ್ಯಾ. ಟಕ್ ಅಂತು. ಯಾರಿಗೂ ತಲಿ ಬಾಗಿಸದಾಕಿ. ನಾ ಒಂದು ಟೇಪು ಹಿಡಿದಿದ್ರ ಸಾಕಿತ್ತು.”

ಭಾಗ್ಯಶ್ರೀ ಎಡಗೈಯನ್ನು ಅಪ್ಪನ ಮುಂದೆ ಚಾಚಿದಳು. ಕಿರುಬೆರಳು ನಡುಗಂಟಿನಲ್ಲಿ ಹೊರಕ್ಕೆ ವಾಲಿತ್ತು.

“ಇದೇನು ಅಂದುಕೊಂಡಿ?”

“ಕಾರಿನ ಬಾಗಿಲಾಗ ಸಿಕ್ಕಿತು ಅಂದಿದ್ದಿ.”

“ಅವ್ವನ ತಲಿ ಬಡಿದಿಲ್ಲಪ್ಪಾ. ನಾ ಹಿಂದ ಇದ್ನಿ. ಗ್ವಾಡಿಗೂ ಅವ್ವನ ತಲಿಗೂ ನಡುವ ನನ್ನ ಕೈ ಇತ್ತು. ಟಕ್ ಅಂದಿದ್ದು ಇದು.”

ಅಮರೇಶಪ್ಪನವರು ಆ ಬೆರಳಿನತ್ತ ಬಾಗಿದರು.

“ಅವತ್ತ ಯಾಕ ಹೇಳಲಿಲ್ಲ?”

“ಅವ್ವನ್ನ ಒಯ್ಯೂ ಹೊತ್ತಿನ್ಯಾಗ ನನ್ನ ಬೆರಳು ಹಿಡಕೊಂಡು ಕುಂಡ್ರಬೇಕಿತ್ತೇನು? ಹೇಳಿದ್ರ ನೀ ಟೇಪು ತರ್ತಿದ್ದಿ.”

ಅವರು ಮಗಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಹಳೆಯ ರೂಢಿಯಂತೆ ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದರು. ಎಷ್ಟು ಓರೆ ಎಂದು ಸಾವಿರಾರು ತುಂಡುಗಳನ್ನು ಹೀಗೆ ನೋಡಿ ಗುಜರಿಗೆ ಎಸೆದಿದ್ದವರು. ಬೆರಳು ಕಾಣಲಿಲ್ಲ, ಕಣ್ಣಲ್ಲಿ ನೀರು ಬಂದಿತ್ತು. ಆ ಕೈಯನ್ನು ಹಣೆಗೆ ಒತ್ತಿಕೊಂಡರು. ಮಗಳ ಕೈಗೆ ವಿಭೂತಿ ಹತ್ತಿತು.

ಕರೆಂಟು ಬರುವವರೆಗೆ ಕತ್ತಲೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟಿದ್ದ ಮೌನಪ್ಪ ಏದುಸಿರು ಬಿಡುತ್ತ ಈಗ ಇಳಿದು ಬಂದ. ಅಳುವುದನ್ನು ನೋಡಿ ಒಂದು ಕ್ಷಣ ನಿಂತ. ವೃತ್ತಿ ವೃತ್ತಿಯೇ.

“ಯಜಮಾನ್ರ, ಲಿಫ್ಟು ಬರಾಬರ್ ಆತಲ್ರೀ. ಸಿ ಬ್ಲಾಕ್ ಪಕ್ಕಾ ಮಾಡ್ಲೇನು?”

“ಬ್ಯಾಡ. ಬಿ ಬ್ಲಾಕ್, ನಾಕನೇ ಮಹಡಿ. ಇವರ ಎದುರು ಮನಿ.”

“ಅದು ಮೂವತ್ತೆರಡು ಇಂಚ್ರಿ!” ಮೌನಪ್ಪ ಹೆಚ್ಚುಕಡಿಮೆ ಕಿರುಚಿದ. “ನೀವ ಅಳದೀರಿ! ಅದರಾಗ ನೀವು ಹಿಡಿಯಂಗಿಲ್ಲ!”

“ತೂತು ದೊಡ್ಡದು ಮಾಡಾಕ ಬರದಿದ್ರ ಸಾಮಾನು ತಿಕ್ಕಿ ಸಣ್ಣ ಮಾಡಬೇಕೋ. ಕಾರ್ಖಾನ್ಯಾಗ ನಾವು ಮಾಡಿದ್ದು ಅದ. ಆದರೂ ಹಿಡೀದಿದ್ರ...” ಅವರು ಮಗಳ ಕಡೆ ನೋಡಿದರು. “ಕೈ ಹಿಡಿಯಾಕ ಮಂದಿ ಅದಾರ.”

“ನಾವೂ ಬರ್ತೀವಿ ಮುತ್ಯಾ. ಫೋನ್ ಮಾಡು” ಎಂದಳು ಹುಸೇನಮ್ಮ.

“ಅವತ್ತ ನಾ ಹೆಂಗ ಮಾಡ್ಲಿ ಫೋನು?”

ಆಕೆ ಒಪ್ಪಿಕೊಂಡು, ತನ್ನ ನಂಬರನ್ನು ಭಾಗ್ಯಶ್ರೀಗೆ ಬರೆಸಿದಳು. ಅಲ್ಲಿ ಬಿಟ್ಟುಹೋಗಿದ್ದ ಚಪ್ಪಲಿಗಳನ್ನು ಕಾವಲುಗಾರನ ಬಳಿ ಕೊಟ್ಟು, ಮಾಲೆಯನ್ನು ಮತ್ತೆ ಲಿಫ್ಟಿಗೆ ಕಟ್ಟಿ ಕೆಲಸಕ್ಕೆ ಹೋದಳು.

ಯುಗಾದಿಗೆ ಅಮರೇಶಪ್ಪನವರು ಬಿ ಬ್ಲಾಕಿಗೆ ಬಂದರು. ಬಚ್ಚಲಿನಲ್ಲಿ ಹಿಡಿಕೆ, ಕಿಟಕಿಗೆ ಪಾರಿವಾಳದ ಜಾಳಿಗೆ, ಎಲ್ಲ ಮಗಳು ಹೇಳಿದಂತೆಯೇ ಆಯಿತು. ಅವರು ತಮ್ಮದೆಂದು ಮಾಡಿಕೊಂಡದ್ದು ಒಂದೇ: ಅಲ್ಯುಮಿನಿಯಮ್ ಪಟ್ಟಿ ಬಗ್ಗಿಸಿ ಒಂದು ಗೇಜು. ಎರಡು ತುದಿಗಳ ನಡುವೆ ಮೂವತ್ತೆರಡು ಇಂಚು. ದಿನವೂ ಪೂಜೆ ಮುಗಿದ ಮೇಲೆ, ಕುಳಿತ ಭಂಗಿಯಲ್ಲಿಯೇ, ಮೊಣಕಾಲುಗಳನ್ನು ಎಳೆದಷ್ಟು ಒಳಕ್ಕೆ ಎಳೆದುಕೊಂಡು ಅದನ್ನು ಮೇಲಿನಿಂದ ಇಳಿಸಿ ನೋಡುತ್ತಾರೆ. ಶಿವನೂ ಅಂಗೈಯಿಂದ ನೋಡುತ್ತಿರುತ್ತಾನೆ. ಗೋಡೆಯ ಮೇಲಿನ ಫೋಟೋದಿಂದ ಗುರುದೇವಿಯೂ, ತಪ್ಪು ಹುಡುಕುವ ಮುಖದಲ್ಲಿ.

ಅದೇ ಹೊತ್ತಿಗೆ ಎದುರಿನ ಬಾಗಿಲು ತೆರೆಯುತ್ತದೆ. ಭಾಗ್ಯಶ್ರೀ ಚಹಾ, ರೊಟ್ಟಿ ತರುತ್ತಾಳೆ.

“ಹೋತೇನಪ್ಪಾ ಇವತ್ತು?”

“ಇಲ್ಲವಾ. ಇನ್ನೂ ಒಂದೂವರಿ ಇಂಚು ಐತಿ.”

“ಹೌದಾ” ಎನ್ನುತ್ತ ಆಕೆ ರೊಟ್ಟಿಯ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಹಾಕುತ್ತಾಳೆ.